ಕಿವುಡಿಯ ಕಿನ್ನರಿ

ಅತ್ತೆಯ ಕಾಲಿಗೆ ಯಾರೋ ಚಕ್ರ ಕಟ್ಟಿಬಿಟ್ಟಿದ್ದರು. ಎದ್ದು ಬಾಗಿಲು ತೆರೆದು ಮೆಟ್ಟಿಲ ಕಡೆ ಇಣುಕುವುದು, ಯಾರೂ ಇಲ್ಲವೆಂದು ಮುಚ್ಚುವುದು, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುವುದು, ಬೀಳುವ ನೀರಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ನಿಂತು ಮತ್ತೆ ನಿಲ್ಲಿಸುವುದು, ಬಂದು ಕುರ್ಚಿಯ ತುದಿಯಲ್ಲಿ ಕೂರುವುದು. ಅವರು ಕೂತದ್ದು ಕುರ್ಚಿಗೆ ಗೊತ್ತಾಗುವ ಮೊದಲೇ ಎದ್ದಾಗಿರುತ್ತಿತ್ತು. ಇಡೀ ದಿನ ಇದೇ ಸುತ್ತು.

ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತ ಸೊಸೆಗೆ ತಲೆಯೆತ್ತದೆಯೇ ಅತ್ತೆ ಎಲ್ಲಿದ್ದಾರೆಂದು ತಿಳಿಯುತ್ತಿತ್ತು. ಹಲಗೆಯ ನೆಲ, ಹಳೆಯ ಕಟ್ಟಡ; ಯಾರು ಎಲ್ಲಿ ಕಾಲಿಟ್ಟರೂ ಮೇಜು ಅಲುಗುತ್ತಿತ್ತು. ಮೇಜು ಅಲುಗಿದರೆ ಚಿಮುಟ ಅಲುಗುತ್ತಿತ್ತು, ಚಿಮುಟ ಅಲುಗಿದರೆ ಉಗುರಿನಷ್ಟು ತೆಳ್ಳಗಿನ ಮರದ ಸಿಬಿರು ಅದರ ಜಾಗ ಬಿಟ್ಟು ಎಲ್ಲೋ ಹೋಗಿ ಕೂರುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಅತ್ತೆ ನಿಂತರು ಅನ್ನಿಸಿದ ಕೂಡಲೇ ಸಿಬಿರನ್ನು ಒತ್ತುತ್ತಿದ್ದಳು. ಅಷ್ಟರಲ್ಲಿ ಅಂಟು ಒಣಗಿರುತ್ತಿತ್ತು.

ಮುರಿದ ಮರದ ಪೆಟ್ಟಿಗೆಗಳನ್ನು ಜೋಡಿಸುವ ಈ ಕೆಲಸ ಅವಳ ಮೂಲ ಕಸುಬಲ್ಲ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಮೇಣ ಕೆತ್ತಿದವಳು. ಒಂದು ದಿನ ಕಟ್ಟುಹಲ್ಲನ್ನು ತಾನೇ ಕೆತ್ತುವ ಯಂತ್ರ ಬಂತು, ಕೆಲಸದವರು ಮನೆಗೆ ಬಂದರು. ಸಣ್ಣ ಅರ, ಸೂಜಿಯಂಥ ಉಳಿ, ಬಾಗಿದ ಚಿಮುಟ, ಎಲ್ಲವನ್ನೂ ಒಂದು ತಗಡಿನ ಡಬ್ಬದಲ್ಲಿ ತುಂಬಿಕೊಂಡು ಬಂದಳು. ಆದರೆ ಕೈಗೆ ಕೆಲಸವಿಲ್ಲದೆ ಅವಳಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತಲೇ ಸೋಪಿನ ತುಣುಕನ್ನು ಬಾಚಿಹಲ್ಲಾಗಿ ಕೆತ್ತಿಬಿಡುತ್ತಿದ್ದಳು. ಗೂಡ್ಸ್ ರೈಲಿನ ಡ್ರೈವರಾದ ಗಂಡ, ಪಾಳಿ ಮುಗಿಸಿ ಮನೆಗೆ ಬಂದಾಗ ಮುಖ ತೊಳೆಯಲು ಹೋಗಿ ಹೌಹಾರಿದ್ದೂ ಉಂಟು.

ಹೀಗಿರುವಾಗ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಅವಳಿಗೆ ತಂತಿ ಮಾಮ ಸಿಕ್ಕ. ಸಂತೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಹಾಗೆ. ಹಳೆಯ ಸಿಗಾರ್ ಪೆಟ್ಟಿಗೆಗಳಿಗೆ ಕೋಲು ತೂರಿಸಿ, ಮೂರು ತಂತಿ ಬಿಗಿದು ವಾದ್ಯ ಮಾಡಿ ಮಾರುವವನು. ಪೆಟ್ಟಿಗೆಯೇ ಹೊಟ್ಟೆ, ಕೋಲೇ ಕುತ್ತಿಗೆ. ಗರಗಸ ಹಿಡಿದರೆ ಅವನ ಕೈ ಪಳಗಿದ ಕೈ. ಆದರೆ ಮುಟ್ಟಿದರೆ ಮುರಿಯುವ ಹಳೆಯ ಪೆಟ್ಟಿಗೆಗಳ ಮುಂದೆ ಅದೇ ಕೈ ಗಡಿಗೆ ಅಂಗಡಿಗೆ ನುಗ್ಗಿದ ಗೂಳಿ. ಅವಳ ಕಣ್ಣೆದುರೇ ಒಂದರ ಮುಚ್ಚಳ ಎತ್ತಲು ಹೋಗಿ ನಾಲ್ಕು ಚೂರು ಮಾಡಿದ್ದ. ಆ ಚೂರುಗಳನ್ನು ಅವಳು ಬೇಡಿ ತಂದು, ಮುಂದಿನ ಭಾನುವಾರ ಇಡಿಯಾಗಿ ತೆಗೆದುಕೊಂಡು ಹೋಗಿದ್ದಳು. ಅವನು ಸೀಳನ್ನು ಹುಡುಕಿ ಹುಡುಕಿ ಸೋತ. ಅಂದಿನಿಂದ ಅವನಲ್ಲಿಗೆ ಬಂದ ರೋಗಿಷ್ಠ ಪೆಟ್ಟಿಗೆಗಳೆಲ್ಲ ಅವಳ ಮೇಜಿಗೆ.

ದೇವದಾರಿನ ತೆಳು ಹಲಗೆ, ಬಿಸ್ಕತ್ತಿನಂತೆ ಒಣಗಿ ಪುಡಿಯಾಗುವ ಅಂಚು, ತುಕ್ಕು ಹಿಡಿದ ಮೊಳೆ, ಕೀಲಿನ ಜಾಗದಲ್ಲಿ ಅಂಟಿಸಿದ ಬಟ್ಟೆ ಹರಿದು ಜೋತಾಡುವ ಮುಚ್ಚಳ. ಮೇಲೆ ಬಣ್ಣದ ಚಿತ್ರದ ಕಾಗದ, ಅದು ಬೇರೆ ಉಸಿರು ತಾಗಿದರೆ ಏಳುತ್ತದೆ. ಅಂಟು ಕಡಿಮೆಯಾದರೆ ತಂತಿಯ ಎಳೆತಕ್ಕೆ ಪೆಟ್ಟಿಗೆ ಬಾಯಿ ಬಿಡುತ್ತದೆ. ಹೆಚ್ಚಾದರೆ ಮರದ ದನಿ ಕಟ್ಟುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಅವಳ ಇಕ್ಕಳಗಳು. ರಿಪೇರಿಯಾದ ಪೆಟ್ಟಿಗೆಯ ಬೆನ್ನಿಗೆ ಬೆರಳಿನಿಂದ ಒಮ್ಮೆ ತಟ್ಟಿ, ಅದು ಟಕ್ ಅನ್ನದೆ ಟಂ ಅಂದರೆ ಮಾತ್ರ ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದಳು.

ಆ ಟಂ ಅತ್ತೆಗೆ ಕೇಳಿಸುತ್ತಿರಲಿಲ್ಲ. ಬಟ್ಟೆ ಗಿರಣಿಯಲ್ಲಿ, ಮಗ್ಗಗಳ ನಡುವೆ ಮುದುಕಿಯಾದವರು ಅವರು. ಮಗ್ಗಗಳು ಅವರ ಕಿವಿಯನ್ನು ಮೊದಲು ಸ್ವಲ್ಪ ಸ್ವಲ್ಪವಾಗಿ ತಿಂದವು, ಈಚೆಗೆ ಉಳಿದದ್ದನ್ನು ವಯಸ್ಸು ಒಂದೇ ಸಲ ಬಾಚಿಕೊಂಡಿತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ ಎರಡು ದಿನ ಹಾಕಿ, ಕಾದ ಎಣ್ಣೆಗೆ ನೀರು ಸಿಡಿದ ಹಾಗೆ ಕೇಳುತ್ತದೆಂದು ತೆಗೆದು ಗುಂಡಿ-ಸೂಜಿಗಳ ಜೊತೆ ಎತ್ತಿಟ್ಟರು. ಮಗ ಹೇಳಿ ನೋಡಿದ, ಬೈದು ನೋಡಿದ, ಡ್ಯೂಟಿಗೆ ಹೊರಟುಹೋದ. ಅವನು ಹೋದರೆ ದಿನಗಟ್ಟಲೆ ಬರುವಂತಿರಲಿಲ್ಲ. ಮನೆಯಲ್ಲಿ ಉಳಿಯುತ್ತಿದ್ದುದು ಇವರಿಬ್ಬರೇ. ಗೋಡೆಗೂ ಕಿವಿ ಇರುತ್ತದಂತೆ, ನಮ್ಮ ಮನೆಯಲ್ಲಿ ಗೋಡೆಗೆ ಮಾತ್ರ ಇರುವುದು ಎಂದು ಸೊಸೆ ಕೆಳಗಿನ ಇಸ್ತ್ರಿ ಅಂಗಡಿಯವಳ ಹತ್ತಿರ ಹೇಳಿ ನಗುತ್ತಿದ್ದಳು. ಮೆಟ್ಟಿಲು ಹತ್ತುವಾಗ ಆ ನಗು ಇರುತ್ತಿರಲಿಲ್ಲ.

ಒಂದು ದಿನ ತಂತಿ ಮಾಮ ಎದೆಗೆ ಅವಚಿಕೊಂಡು ಒಂದು ಪೆಟ್ಟಿಗೆ ತಂದ. ಅಂಥದ್ದನ್ನು ಅವಳು ನೋಡಿರಲಿಲ್ಲ. ಉಳಿದವುಗಳಿಗಿಂತ ತೆಳು, ಅಗಲ, ಒಣಗಿದ ಎಲೆಯಷ್ಟು ಹಗುರ. ಮುಚ್ಚಳದ ಮೇಲೆ ಹಾಯಿ ಬಿಚ್ಚಿದ ಹಡಗು, ಅದರ ಸುತ್ತ ಚಿನ್ನದ ಬಣ್ಣದ ಬಳ್ಳಿ. ಒಬ್ಬ ಮೇಷ್ಟ್ರು ಇದೇ ಬೇಕೆಂದು ಹಟ ಹಿಡಿದಿದ್ದಾರೆ, ಅವರ ತಾತನ ಕೋಣೆಯಲ್ಲಿ ಇಂಥದೇ ಹಡಗಿನ ಪೆಟ್ಟಿಗೆ ಇತ್ತಂತೆ, ಚಿತ್ರಕ್ಕೆ ಮಾತ್ರ ಏನೂ ಆಗಕೂಡದು ಎಂದು ಮತ್ತೆ ಮತ್ತೆ ಹೇಳಿ ಹೋದ. ಅವಳು ಹಲವು ದಿನ ಅದನ್ನು ಮುಟ್ಟದೆ ಸುಮ್ಮನೆ ನೋಡಿದಳು. ಆಮೇಲೆ ಕೂದಲಿನಷ್ಟು ತೆಳ್ಳಗಿನ ಕುಂಚದಿಂದ ಬಳ್ಳಿಯ ಎದ್ದ ತುದಿಗಳನ್ನು ಒಂದೊಂದಾಗಿ ಕೂರಿಸತೊಡಗಿದಳು.

ಆ ದಿನ ಅಂಟು ಮುಗಿದಿತ್ತು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಏನಾದೀತು ಎಂದು ಹೋದಳು. ವಾಪಸು ಬಂದಾಗ ಅತ್ತೆ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ, ಪಕ್ಕದಲ್ಲಿ ಬಕೆಟ್ಟು. ಕಿಟಕಿಯ ಗಾಜು ಒರೆಸಿದ್ದರು, ಮೇಜು ಒರೆಸಿದ್ದರು, ಬರಿಗೈಯಲ್ಲಿ ಕೂರಲಾರದೆ ಪೆಟ್ಟಿಗೆಯ ಮೇಲಿನ ಕೊಳೆಯನ್ನೂ ತಿಕ್ಕಿ ತೆಗೆದಿದ್ದರು. ಹಡಗು ಮುಳುಗಿತ್ತು. ಅದರ ಜಾಗದಲ್ಲಿ ನೀಲಿ ಕಂದು ಕಲೆ. ಹಳೆಯ ಕಾಲದ ಸರೇಸು ನೀರು ಕಂಡರೆ ಕರಗುವ ಅಂಟು. ಮೂಲೆಗಳು ಬಿಚ್ಚಿಕೊಂಡು ನಾಲ್ಕು ಗೋಡೆಗಳೂ ನಾಲ್ಕು ದಿಕ್ಕಿಗೆ ಒರಗಿದ್ದವು. ಮುಚ್ಚಳ ಉಬ್ಬಿ, ಮರದ ಎಳೆಯುದ್ದಕ್ಕೂ ಸೀಳುಬಿಟ್ಟಿತ್ತು.

ಅತ್ತೆ ಅವಳ ಮುಖ ನೋಡಿದರು, ಬಟ್ಟೆ ಕೆಳಗಿಟ್ಟು ಒಳಗೆ ಹೋದರು.

ಇವಳು ಬಕೆಟ್ಟಿನ ನೀರನ್ನು ಬಚ್ಚಲಿಗೆ ಸುರಿದು ಬಂದಳು. ಹೇಳಿ ಪ್ರಯೋಜನವೇನು ಎನ್ನುವ ಸಿಟ್ಟು ಹೇಳುವ ಸಿಟ್ಟಿಗಿಂತ ಕೆಟ್ಟದ್ದು. ತಂತಿ ಮಾಮ ಅದೇ ಮಧ್ಯಾಹ್ನ ಪೆಟ್ಟಿಗೆ ಎಲ್ಲಿಗೆ ಬಂತೆಂದು ನೋಡಲು ಮೆಟ್ಟಿಲು ಹತ್ತಿ ಬಂದ. ಮೇಜಿನ ಮೇಲಿದ್ದುದನ್ನು ಕಂಡು ಟೋಪಿ ತೆಗೆದು ಸ್ಟೂಲಿನ ಮೇಲೆ ಕೂತ, ಹೆಣದ ಮುಂದೆ ಕೂತವನ ಹಾಗೆ. ಏನಾಯಿತು ಎಂದು ಕೇಳಿದ. ಅಷ್ಟರಲ್ಲಿ ಅತ್ತೆ ಬಂದವನಿಗೆ ನೀರು ತಂದು ಬಾಗಿಲ ಹತ್ತಿರ ನಿಂತಿದ್ದರು. ಸೊಸೆ ಅವರನ್ನು ನೋಡಿದಳು. ನೋಡಿಯೂ, ದನಿಯನ್ನು ಸ್ವಲ್ಪವೂ ಏರಿಸದೆ, ಸಂತೆಯ ಸುದ್ದಿ ಹೇಳುವವಳಂತೆ ಹೇಳಿದಳು:

"ಇವರು ಇರೋ ತನಕ ಈ ಮನೇಲಿ ಒಂದು ವಸ್ತು ಉಳಿಯಲ್ಲ ಮಾಮ. ಎಲ್ಲಾದರೂ ಹೋಗಿಬಿಟ್ಟರೆ ನಾನು ಬದುಕಿಕೊಂಡೆ."

ಅತ್ತೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಒಂದು ತೊಟ್ಟೂ ಚೆಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು, ಬಾಗಿಲು ತೆರೆದರು. ಈ ಸಲ ಇಣುಕಿ ಮುಚ್ಚಲಿಲ್ಲ.

ದಿನವೂ ತೆರೆಯುವ ಬಾಗಿಲೇ ಆದ್ದರಿಂದ ಇವಳಿಗೆ ಏನೂ ಅನ್ನಿಸಲಿಲ್ಲ. ತಂತಿ ಮಾಮನೇ ಮೆಲ್ಲಗೆ ಕೇಳಿದ, ಅತ್ತೆಯವರು ಗಿರಣಿಯಲ್ಲಿದ್ದವರಲ್ಲವೇ ಎಂದು. ಹೌದು ಅಂದಳು. ಅವನ ಅಕ್ಕನೂ ಮಗ್ಗದ ಕೆಲಸದವಳಂತೆ. ಆ ಗದ್ದಲದಲ್ಲಿ ಯಾರಿಗೂ ಯಾರ ದನಿಯೂ ಕೇಳುತ್ತಿರಲಿಲ್ಲವಂತೆ. "ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡೋದು ಕಣಮ್ಮ. ನೀನು ಅವರ ಕಡೆ ಮುಖ ಮಾಡಿಕೊಂಡೇ ಹೇಳಿದೆ."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವಳು, ಕಿರುಚಿದರೂ ಕೇಳದ ಆ ಜಾಗದಲ್ಲಿ ಅತ್ತೆ ಹೇಗೆ ಮಾತಾಡುತ್ತಿದ್ದರೆಂದು ಒಮ್ಮೆಯೂ ಕೇಳಿರಲಿಲ್ಲ. ಕಿವಿಗೆ ಬೀಳದು ಎಂಬ ಧೈರ್ಯದಲ್ಲಿ ಏನೇನು ಗೊಣಗಿದ್ದಳೋ, ಯಾವಾಗ ಯಾವ ಕಡೆಗೆ ಮುಖ ಮಾಡಿದ್ದಳೋ. ಎದ್ದವಳೇ ಮೆಟ್ಟಿಲಿಳಿದು ಓಡಿದಳು.

ಇಸ್ತ್ರಿ ಅಂಗಡಿಯವಳು ಅಜ್ಜಿ ಬಲಕ್ಕೆ ತಿರುಗಿದರು ಅಂದಳು. ತಂತಿ ಮಾಮ ಆಸ್ಪತ್ರೆಯ ರಸ್ತೆ ಹಿಡಿದ, ಇವಳು ಮುಖ್ಯ ರಸ್ತೆ. ಹಾರ್ನು ಕೇಳದ ಮುದುಕಿ ಈ ವಾಹನಗಳ ನಡುವೆ ಹೇಗೆ ದಾಟಿದರೋ ಎಂದು ನೆನೆದರೇ ಜೀವ ಬಾಯಿಗೆ ಬರುತ್ತಿತ್ತು. ಪಾರ್ಕಿನ ಬೆಂಚುಗಳನ್ನು ನೋಡಿದಳು. ಬಸ್ಸಿನ ನಿಲ್ದಾಣ ನೋಡಿದಳು. ಬೂದು ಬಣ್ಣದ ಸ್ವೆಟರು ಹಾಕಿದ ಯಾರದೋ ಬೆನ್ನು ಕಂಡು ಹಿಂದೆ ಓಡಿ, ಭುಜ ಮುಟ್ಟಿ, ಅಪರಿಚಿತಳ ಬೈಗುಳ ತಿಂದಳು. ಬಾಲ ಸುಟ್ಟ ಬೆಕ್ಕಿನಂತೆ ಒಂದೇ ಬೀದಿಯನ್ನು ಎರಡು ಸಲ ಸುತ್ತಿದಳು. ಕಡೆಗೆ ಗಿರಣಿ ನೆನಪಾಯಿತು.

ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅದು ಯಾರದೋ ಗೋದಾಮು. ಗೇಟಿನ ಕಾವಲುಗಾರ ಹೌದು ಅಂದ. ಒಬ್ಬ ಅಜ್ಜಿ ಬಂದು ಗೋಡೆಗೆ ಎರಡೂ ಅಂಗೈ ಒತ್ತಿ ತುಂಬ ಹೊತ್ತು ನಿಂತಿದ್ದರಂತೆ. ಯಾರು ಬೇಕು ಎಂದು ಅವನು ಕೇಳಿದ್ದಕ್ಕೆ, ಇಲ್ಲಿ ಯಾರೂ ಇಲ್ಲ ಬಿಡು, ಗೋಡೆ ಸತ್ತಿದೆ ಎಂದು ಹೇಳಿ ಸ್ಟೇಷನ್ನಿನ ಕಡೆ ಹೋದರಂತೆ. ತಲೆ ಸ್ವಲ್ಪ ಸರಿ ಇಲ್ಲವೇ ಎಂದು ಅವನು ಅನುಮಾನದಿಂದ ಕೇಳಿದ. ಸರಿ ಇಲ್ಲದ್ದು ನನ್ನದು ಎಂದು ಅವಳು ಹೊರಟಳು.

ಹಳಿಗಳ ಮೇಲೆ ಹಾದುಹೋಗುವ ಕಬ್ಬಿಣದ ಕಾಲುಸೇತುವೆಯ ನಡುಮಧ್ಯೆ ಅತ್ತೆ ನಿಂತಿದ್ದರು. ಕಂಬಿಗೆ ಎದೆ ಕೊಟ್ಟು, ಗದ್ದವನ್ನು ಅದರ ಮೇಲೆ ಊರಿ, ಕೈಗಳಿಂದ ಕಬ್ಬಿಣವನ್ನು ತಬ್ಬಿಕೊಂಡಂತೆ. ಸೊಸೆ ಸೇತುವೆಯ ಮೆಟ್ಟಿಲ ತುದಿಯಲ್ಲೇ ನಿಂತಳು. ಕೂಗಿದರೆ ಕೇಳದು, ಓಡಿದರೆ ಬೆಚ್ಚಿಬಿದ್ದಾರು. ಮೆಲ್ಲಗೆ ಹೋಗಿ ಪಕ್ಕದಲ್ಲಿ ನಿಂತಳು. ಅತ್ತೆ ತಿರುಗಿ ನೋಡಲಿಲ್ಲ. ಹಲಗೆಯ ಅಲುಗಾಟದಲ್ಲೇ ಯಾರು ಬಂದರೆಂದು ತಿಳಿದಿತ್ತೋ ಏನೋ.

"ಮುದುಕಿ ಬಿದ್ದು ಸಾಯ್ತಾಳೆ ಅಂದ್ಕೊಂಡ್ಯಾ?" ಅಂದರು. "ಅಷ್ಟು ಸುಲಭಕ್ಕೆ ನಿನಗೆ ಬಿಡುಗಡೆ ಇಲ್ಲ."

ಅಷ್ಟರಲ್ಲಿ ಕೆಳಗೆ ಗೂಡ್ಸ್ ರೈಲು ಬಂತು. ಸೇತುವೆ ನಡುಗಿತು, ಕಂಬಿ ನಡುಗಿತು, ಗಾಳಿಯೇ ನಡುಗಿತು. ಡಬ್ಬಿಯ ಮೇಲೆ ಡಬ್ಬಿ, ಮುಗಿಯುವಂತೆಯೇ ಕಾಣಲಿಲ್ಲ. ಸೊಸೆ ತಪ್ಪಾಯ್ತು ಅಂದಳು. ತನ್ನ ದನಿ ತನಗೇ ಕೇಳಲಿಲ್ಲ. ಅತ್ತೆಯ ಮುಂದೆ ಬಂದು, ಅವರ ಮುಖ ನೋಡುತ್ತ ಮತ್ತೆ ಅಂದಳು, ತಪ್ಪಾಯ್ತು ಅತ್ತೆ, ಮನೆಗೆ ಬನ್ನಿ. ಅತ್ತೆ ಅವಳ ತುಟಿಗಳನ್ನೇ ನೋಡಿದರು. ಅವರೂ ಏನೋ ಅಂದರು. ಈಗ ಕಿವುಡಿ ಇವಳು. ಎಷ್ಟು ನೋಡಿದರೂ ಒಂದು ಪದವೂ ದಕ್ಕಲಿಲ್ಲ. ಅತ್ತೆಗೆ ನಗು ಬಂದಿತು. ಎಷ್ಟೋ ದಿನಗಳ ಮೇಲೆ ಬಂದ ನಗು, ಅದಕ್ಕೂ ದನಿ ಇರಲಿಲ್ಲ.

ರೈಲು ಹೋದ ಮೇಲೆ ಅತ್ತೆಯೇ ಮಾತಾಡಿದರು.

"ಗಿರಣೀಲಿ ನೆಲ ಹೀಗೇ ನಡುಗ್ತಿತ್ತು. ಪಾದದಿಂದ ಹತ್ತಿ ದವಡೆ ತನಕ ಬರೋದು. ಬೈಕೊಂಡು ಬೈಕೊಂಡೇ ಅದಕ್ಕೆ ಒಗ್ಗಿಹೋದೆ. ಮನೇಲಿ ಏನೂ ಬರಲ್ಲ ಕಣೇ. ಕೂತರೆ ಕೂತ ಹಾಗಿಲ್ಲ, ನಿಂತರೆ ನಿಂತ ಹಾಗಿಲ್ಲ. ನಾನು ಇದೀನೋ ಇಲ್ವೋ ಅಂತ ನೋಡ್ಕೊಳ್ಳೋಕೆ ನಲ್ಲಿ ಬಿಡ್ತೀನಿ."

ದಾರಿಯುದ್ದಕ್ಕೂ ಸೊಸೆ ಅವರ ಕೈ ಬಿಡಲಿಲ್ಲ. ಮನೆಯ ಮುಂದೆ ತಂತಿ ಮಾಮ ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದ. ಮೇಷ್ಟ್ರಿಗೆ ಬೇರೆ ಪೆಟ್ಟಿಗೆ ತೋರಿಸುತ್ತೇನೆ, ಇದನ್ನು ಒಲೆಗೆ ಹಾಕಿಬಿಡು ಅಂದ. ಅವಳು ಹಾಕಲಿಲ್ಲ. ಮಾರನೆಯ ದಿನ ಬಿಚ್ಚಿಕೊಂಡ ಹಲಗೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಹಡಗು ಹಾಳಾಗಿತ್ತು, ನಿಜ. ಆದರೆ ನೂರು ವರ್ಷದ ಅಂಟು, ಕಾಗದ, ಎಣ್ಣೆ ಎಲ್ಲ ಕರಗಿ ಮರ ಬರಿಮೈಯಾಗಿತ್ತು. ಒಣಗಿದ ಮೇಲೆ ತುದಿಬೆರಳಲ್ಲಿ ತಟ್ಟಿದರೆ, ತಟ್ಟಿ ಬಿಟ್ಟ ಮೇಲೂ ಬೆರಳಿಗೆ ಅದರ ನಡುಕ ತಿಳಿಯುತ್ತಿತ್ತು.

ಆಗ ಹೊಳೆದದ್ದು ಅವಳ ಹಳೆಯ ಕಸುಬಿನ ಮಾತು. ಹಲ್ಲು ಕೊರೆಸಿಕೊಂಡವರೆಲ್ಲ ಹೇಳುತ್ತಿದ್ದುದು ಒಂದೇ, ಆ ಸದ್ದು ಕಿವಿಯಿಂದ ಬರುವುದಿಲ್ಲ, ತಲೆಬುರುಡೆಯ ಒಳಗಿನಿಂದ ಬರುತ್ತದೆ ಎಂದು. ಅತ್ತೆ ಕಂಬಿಯ ಮೇಲೆ ಗದ್ದ ಊರಿ ನಿಂತದ್ದು ಕಣ್ಣ ಮುಂದೆ ಬಂತು. ಊಟ ಬಿಟ್ಟು ಕೆಲಸಕ್ಕೆ ಕೂತಳು.

ಮುಚ್ಚಳದ ಸೀಳುಗಳಿಗೆ ಒಳಗಿನಿಂದ ಅಡ್ಡಪಟ್ಟಿ ಕೊಡುವುದು ವಾಡಿಕೆ. ಪಟ್ಟಿ ಕೊಟ್ಟರೆ ನಡುಕ ಅಲ್ಲೇ ನಿಲ್ಲುತ್ತದೆಂದು, ತೆಳ್ಳನೆಯ ಕಾಗದದ ಎಳೆಗಳನ್ನಷ್ಟೇ ಹೊಲಿಗೆಯಂತೆ ಅಂಟಿಸಿದಳು. ಕೈ ತಾಳ್ಮೆಯಿಂದ ನಡೆಯಿತು, ಮನಸ್ಸು ನಡೆಯಲಿಲ್ಲ. ಒಣಗುವ ತನಕ ಕಾಯಲಾರದೆ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದಳು. ಎದುರಿನಿಂದ ಅತ್ತೆಯೂ ಸುತ್ತು ಬರುತ್ತಿದ್ದರು. ಆ ಸಣ್ಣ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಳ್ಳಬೇಕಾಯಿತು. ತಂತಿ ಮಾಮ ಕೋಲು ತೂರಿಸಿ, ಮೂರು ತಂತಿ ಬಿಗಿದು ಕೊಟ್ಟ. ಮೊದಲ ತಿರುವಿಗೇ ಒಂದು ಮೂಲೆ ಚಿರ್ರೆಂದಿತು. ಬಿಚ್ಚಿ, ಮತ್ತೆ ಅಂಟಿಸಿ, ಮತ್ತೆ ಕಾಯಬೇಕಾಯಿತು.

ಕಡೆಗೊಮ್ಮೆ ಅದನ್ನು ಅತ್ತೆಯ ಮಡಿಲಿಗಿಟ್ಟು ಮೀಟಿದರು. ಅತ್ತೆ ತಂತಿಗಳನ್ನು ನೋಡಿದರು, ಇಬ್ಬರ ಮುಖ ನೋಡಿದರು.

"ಕಿವುಡಿ ಮುಂದೆ ಕಿನ್ನರಿ ಬಾರಿಸೋದು ಅಂತ ಗಾದೆ ಕೇಳಿದ್ದೆ," ಅಂದರು. "ನೀವು ಮಾಡಿಯೇ ತೋರಿಸಿದಿರಿ."

ತಂತಿ ಮಾಮನ ಮುಖ ಸಪ್ಪಗಾಯಿತು. ಸೊಸೆ ಬಿಡಲಿಲ್ಲ. ಸಣ್ಣ ತಂತಿಗಳನ್ನು ತೆಗೆಸಿದಳು. ಇರುವುದರಲ್ಲಿ ದಪ್ಪನೆಯದನ್ನು, ಸಡಿಲವಾಗಿ, ತಗ್ಗಿನ ದನಿಗೆ ಹಾಕಿಸಿದಳು. ನಡುಕವನ್ನು ನುಂಗದಿರಲೆಂದು, ಕಟ್ಟುಹಲ್ಲು ತೆಗೆದಿಡಿ ಎಂದು ಅತ್ತೆಗೆ ಸನ್ನೆ ಮಾಡಿದಳು. ಹಲ್ಲು ಅವಳೇ ಮಾಡಿಕೊಟ್ಟದ್ದು. ಕೊಟ್ಟವಳೂ ನೀನೇ, ಕಿತ್ತುಕೊಳ್ಳುವವಳೂ ನೀನೇ ಎಂದು ಗೊಣಗುತ್ತ ಅತ್ತೆ ತೆಗೆದರು. ಪೆಟ್ಟಿಗೆಯ ತಳವನ್ನು ಅವರ ಎದೆಗೆ ಒರಗಿಸಿ, ಅಂಚನ್ನು ದವಡೆಯ ಮೂಳೆಗೆ ಒತ್ತಿ ಹಿಡಿದು, ಅವಳು ತಂತಿಯನ್ನು ಮೀಟಿದಳು.

ಅತ್ತೆ ಕದಲಲಿಲ್ಲ. ಇನ್ನೊಮ್ಮೆ ಎಂದು ಬೆರಳು ತೋರಿಸಿದರು. ಅವಳು ಮೀಟಿದಳು. ಅವರು ಕಣ್ಣು ಮುಚ್ಚಿಕೊಂಡರು. ಕೇಳಿಸಿತೇ ಎಂದು ತಂತಿ ಮಾಮ ಕೇಳಿದ್ದು ಅವರಿಗೆ ಕಾಣಲಿಲ್ಲ. ಅದು ಕೇಳಿಸಿದ್ದೋ ಬರೀ ಮುಟ್ಟಿದ್ದೋ ಅವರು ಆಮೇಲೂ ಬಿಡಿಸಿ ಹೇಳಲಿಲ್ಲ. "ಬಂತು," ಅಂದರು ಅಷ್ಟೆ. ಮತ್ತೆ ಸೊಸೆಯ ಕೈ ಸರಿಸಿ, ತಾವೇ ಹೆಬ್ಬೆರಳಿನಿಂದ ಮೀಟತೊಡಗಿದರು. ರಾಗವಲ್ಲ, ಹಾಡಲ್ಲ, ಎರಡು ಗಟ್ಟಿ, ಒಂದು ಮೆಲು, ಒಂದು ಬಿಡುವು, ಮತ್ತೆ ಎರಡು ಗಟ್ಟಿ. ತಂತಿ ಮಾಮ ತಲೆಯಾಡಿಸಿದ. ಮಗ್ಗದ ಲೆಕ್ಕ ಅದು, ಅಕ್ಕ ಮನೆಯಲ್ಲಿ ಹಿಟ್ಟು ಕಲಸುವಾಗಲೂ ಹೀಗೇ ಕೈಯಾಡಿಸುತ್ತಿದ್ದಳು ಅಂದ.

ಅದರಿಂದ ಮನೆಯಲ್ಲಿ ಶಾಂತಿ ನೆಲೆಸಿತು ಎಂದರೆ ಸುಳ್ಳಾದೀತು. ಮಗ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಪಕ್ಕದ ಕೋಣೆಯಲ್ಲಿ ಗುಂಯ್ ಗುಂಯ್. ರೈಲು ಇಳಿದು ಬಂದರೂ ರೈಲಿನಲ್ಲೇ ಮಲಗಿದ ಹಾಗಿದೆ ಎಂದು ಅವನು ದಿಂಬು ತಲೆಗೆ ಒತ್ತಿಕೊಂಡ. ಇಸ್ತ್ರಿ ಅಂಗಡಿಯವಳು ಮೇಲಕ್ಕೆ ಬಂದು, ಏನು ಯಂತ್ರ ಇಟ್ಟಿದ್ದೀರಿ, ನನ್ನ ಬಲ್ಬು ಅದುರುತ್ತಿದೆ ಅಂದಳು. ಅತ್ತೆ ಓಡಾಡುವುದನ್ನೂ ಬಿಡಲಿಲ್ಲ; ಈಗ ಪೆಟ್ಟಿಗೆಯನ್ನು ಅವಚಿಕೊಂಡು ಓಡಾಡುತ್ತಿದ್ದರು. ಆದರೆ ನಲ್ಲಿಯ ಹತ್ತಿರ ಹೋಗುವುದು ನಿಂತಿತು. ಸೊಸೆ ಮಾತ್ರ ಮೊದಲಿಗಿಂತ ಕಡಿಮೆ ಗೊಣಗುತ್ತಿದ್ದಳು. ಹೇಳಬೇಕಾದದ್ದನ್ನು ಎದುರು ನಿಂತು, ಮುಖ ತೋರಿಸಿ ಹೇಳುತ್ತಿದ್ದಳು. ಹಾಗೆ ಹೇಳಲು ಹೋದರೆ ಅರ್ಧ ಮಾತು ಹೇಳುವಂಥದ್ದೇ ಅಲ್ಲವೆಂದು ತಿಳಿಯುತ್ತಿತ್ತು.

ಮುಂದೊಂದು ಭಾನುವಾರ ತಂತಿ ಮಾಮ ಅತ್ತೆಯನ್ನು ಸಂತೆಗೆ ಕರೆದುಕೊಂಡು ಹೋದ. ಹೊಸದಾಗಿ ಬಂದ ಪೆಟ್ಟಿಗೆಗಳನ್ನು ಅವರು ಗದ್ದಕ್ಕೆ ಹಿಡಿದು ತಟ್ಟಿ ನೋಡಲಿ ಎಂದು. ಮಗ ಡ್ಯೂಟಿಯ ಮೇಲಿದ್ದ. ಮನೆ ಖಾಲಿ. ಸೊಸೆ ಎಷ್ಟೋ ಕಾಲದಿಂದ ಬಯಸಿದ್ದ ಬೆಳಗು ಅದು. ಮೇಜು ಅಲುಗಲಿಲ್ಲ, ಚಿಮುಟ ಅಲುಗಲಿಲ್ಲ. ಒಂದು ಮೂಲೆಯನ್ನು ಕೂರಿಸಲು ಹೋದಳು, ವಾರೆಯಾಯಿತು. ತೆಗೆದು ಮತ್ತೆ ಕೂರಿಸಿದಳು, ಮತ್ತೆ ವಾರೆ. ಎದ್ದು ಬಾಗಿಲು ತೆರೆದು ಮೆಟ್ಟಿಲ ಕಡೆ ನೋಡಿದಳು. ಒಳಗೆ ಬಂದು ಕೂತಳು. ಆಮೇಲೆ ಅಂಟಿನ ಡಬ್ಬಿ ಮುಚ್ಚಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ, ಕೂಗು, ಯಾರದೋ ಹಳೆಯ ರೇಡಿಯೋ. ತಂತಿ ಮಾಮನ ಅಂಗಡಿಯ ಹಿಂದೆ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು, ದವಡೆಗೊಂದು ಪೆಟ್ಟಿಗೆ. ಇವಳನ್ನು ದೂರದಿಂದಲೇ ಕಂಡರು. ಜನರ ತಲೆಗಳ ಮೇಲಿಂದ, ದನಿಯೇ ಇಲ್ಲದೆ, ತುಟಿಯಲ್ಲೇ ಏನೋ ಹೇಳಿದರು. ಇವಳಿಗೆ ತಿಳಿಯಲಿಲ್ಲ. ಅತ್ತೆ ಹಣೆ ಗಂಟಿಕ್ಕಿ, ಮಂದಬುದ್ಧಿಯವಳಿಗೆ ಅಕ್ಷರ ಕಲಿಸುವವರ ಹಾಗೆ, ಒಂದೊಂದು ಮಾತಿಗೂ ತುಟಿ ತಿರುವಿ ಮತ್ತೆ ಹೇಳಿದರು. ಮೂರನೆಯ ಸಲಕ್ಕೆ ಅವಳಿಗೆ ಹೊಳೆಯಿತು.

ಬಾಗಿಲಿಗೆ ಬೀಗ ಹಾಕಿದ್ಯಾ, ಎಂದು ಕೇಳುತ್ತಿದ್ದರು.

ಅವಳು ಹಾಕಿರಲಿಲ್ಲ.